ಕಾರ್ಯಾಚರಣ ವ್ಯವಸ್ಥೆಗಳ ಆವೃತ್ತಿಸಂಖ್ಯೆ: ಒಂದು ಅರ್ಥವಿಚಾರ

ವ್ಯಾಕರಣವನ್ನು ಓದುವ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠಗಳಲ್ಲಿ ನಾಮಪದದ ವಿಭಾಗವೂ ಒಂದು. ರೂಢನಾಮ, ಅಂಕಿತನಾಮ, ಅನ್ವರ್ಥನಾಮ, ಸಂಖ್ಯಾವಾಚಕ, ಸಂಖ್ಯೇಯವಾಚಕ ಎಂದು ಮುಂತಾಗಿ ಅದನ್ನು ವಿಂಗಡಿಸುತ್ತೇವೆ. ‘ಹತ್ತು’ ಎಂಬುದು ಸಂಖ್ಯಾವಾಚಕ. ಅದು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ. ‘ಹತ್ತನೆಯದು’ ಎಂಬುದು ಸಂಖ್ಯೇಯವಾಚಕ. ಅದು ಸಾಲಿನಲ್ಲಿ ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ. ಬಾಲಕನೊಬ್ಬನಿಗೆ ‘ಭೀಮ’ ಎಂದು ಹೆಸರಿಟ್ಟ ಮಾತ್ರಕ್ಕೆ ಅವನು ಬಲಶಾಲಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಅದು ಗುರುತಿಗಾಗಿ ಇಟ್ಟುಕೊಂಡ ಅಂಕಿತನಾಮ. ‘ವ್ಯಾಪಾರಿ’ ಎಂಬ ಪದವಾದರೋ ಅರ್ಥಕ್ಕೆ ಅನುಗುಣವಾಗಿಯೇ ಬಂದದ್ದು; ಅದು ಅನ್ವರ್ಥನಾಮ. ಈ ಭೇದಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುವುದು ವಾಡಿಕೆಯಾಗಿದೆ. ಆದರೆ ಇವುಗಳ ಅರಿವು ಅತ್ಯಗತ್ಯವಾಗಿರುವ ಒಂದು ಕ್ಷೇತ್ರ ಇಂದು ನಮ್ಮೆಲ್ಲರ ಕೈಯಲ್ಲಿಯೇ ಇದೆ. ಗಣಕಯಂತ್ರ ಮತ್ತು ಮೊಬೈಲ್ ಫೋನುಗಳ ಆವೃತ್ತಿಸಂಖ್ಯೆಗಳ ಕ್ಷೇತ್ರವೇ ಅದು.

ಗಣಕಯಂತ್ರದ ಯಂತ್ರಭಾಗಗಳನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ವಿಂಡೋಸ್, ಮ್ಯಾಕ್ ಓಎಸ್, ಲಿನಕ್ಸ್, ಆಂಡ್ರಾಯ್ಡ್ ಮೊದಲಾದವು ಈ ಜಾತಿಗೆ ಸೇರಿದವು. ಇವುಗಳಲ್ಲಿ ಪ್ರತಿಯೊಂದಕ್ಕೂ ೧೦, ೬.೧, ೧೦.೧೫, ೨೪.೦೪ ಎಂಬಂತೆ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಈ ಸಂಖ್ಯೆ ನೋಡುವುದಕ್ಕೆ ಗಣಿತದ ಸಂಖ್ಯೆಯಂತೆಯೇ ಇರುವುದರಿಂದ ಅದನ್ನು ಗಣಿತದ ಸಂಖ್ಯೆಯೆಂದೇ ಜನರು ಭಾವಿಸುತ್ತಾರೆ. ಗೊಂದಲದ ಬೀಜವಿರುವುದು ಇಲ್ಲಿಯೇ. ಆವೃತ್ತಿಸಂಖ್ಯೆಯು ಸಂಖ್ಯಾವಾಚಕವಲ್ಲ. ಅದು ಒಮ್ಮೆ ಸಂಖ್ಯೇಯವಾಚಕ, ಒಮ್ಮೆ ಅನ್ವರ್ಥನಾಮ, ಮತ್ತೊಮ್ಮೆ ಬರಿಯ ಅಂಕಿತನಾಮ. ಯಾವ ಕಡೆ ಯಾವುದು ಎಂದು ವಿವೇಚಿಸಿ ತಿಳಿಯುವುದೇ ಪ್ರಕೃತ ಲೇಖನದ ಉದ್ದೇಶ.

೧. ಆವೃತ್ತಿ ಎಂಬ ಪದ

‘ಆವೃತ್ತಿ’ ಎಂಬುದು ಸಂಸ್ಕೃತದ ‘ವೃತ್’ ಧಾತುವಿಗೆ ‘ಆ’ ಎಂಬ ಉಪಸರ್ಗ ಸೇರಿ ಆದ ಪದ. ಮರಳುವುದು, ಮತ್ತೆ ಬರುವುದು ಎಂಬುದು ಇದರ ಮೂಲಾರ್ಥ. ಪುಸ್ತಕಪ್ರಪಂಚದಲ್ಲಿ ಈ ಪದ ನಮಗೆ ಚಿರಪರಿಚಿತ. ಇದ್ದುದನ್ನು ಇದ್ದಂತೆಯೇ ಮತ್ತೆ ಅಚ್ಚು ಹಾಕಿದರೆ ಅದು ಪುನರ್ಮುದ್ರಣ. ತಪ್ಪುಗಳನ್ನು ತಿದ್ದಿ, ಹೊಸ ವಿಷಯಗಳನ್ನು ಸೇರಿಸಿ ಹೊರತಂದರೆ ಅದು ಪರಿಷ್ಕೃತ ಆವೃತ್ತಿ. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರು ಯಾವುದೇ ಗ್ರಂಥವನ್ನು ಉಲ್ಲೇಖಿಸುವಾಗ ಎಷ್ಟನೆಯ ಆವೃತ್ತಿ ಎಂದು ತಪ್ಪದೆ ಹೇಳುತ್ತಾರೆ. ಮೊದಲನೆಯ ಆವೃತ್ತಿಯ ಪುಟಸಂಖ್ಯೆ ಮೂರನೆಯದಕ್ಕೆ ಹೊಂದುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ತಂತ್ರಾಂಶದ ವಿಷಯವೂ ಹೀಗೆಯೇ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಪುಸ್ತಕದಲ್ಲಿ ಉಳಿದ ಅಚ್ಚಿನ ತಪ್ಪಿನಿಂದ ಓದುಗನಿಗೆ ತೊಡಕಾಗಬಹುದೇ ಹೊರತು ಕಳ್ಳನಿಗೆ ಬಾಗಿಲು ತೆರೆಯುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಉಳಿದ ದೋಷವಾದರೋ ದೂರದಲ್ಲಿ ಕುಳಿತ ವಂಚಕನು ಒಳನುಗ್ಗುವ ಕಂಡಿಯಾಗಬಲ್ಲದು. ಆದ್ದರಿಂದಲೇ ಮೈಕ್ರೋಸಾಫ್ಟ್ ಸಂಸ್ಥೆ ೨೦೦೩ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ರಕ್ಷಣಾ ತಿದ್ದುಪಡಿಗಳನ್ನು ಹೊರತರುವ ಪದ್ಧತಿಯನ್ನು ಇಟ್ಟುಕೊಂಡಿದೆ. ಹೀಗೆ ತಿಂಗಳು ತಿಂಗಳೂ ತಿದ್ದುಪಡಿ ಪಡೆಯುವ ವಸ್ತುವಿಗೆ ಗುರುತಿನ ಸಂಖ್ಯೆ ಅನಿವಾರ್ಯ. ನಮ್ಮ ಯಂತ್ರದಲ್ಲಿರುವುದು ಯಾವುದು, ಅದಕ್ಕೆ ತಿದ್ದುಪಡಿ ಇನ್ನೂ ಬರುತ್ತಿದೆಯೆ ಎಂಬುದನ್ನು ತಿಳಿಯಲು ನಮಗಿರುವ ಮುಖ್ಯ ಸಾಧನ ಆ ಸಂಖ್ಯೆಯೇ.

೨. ಬಿಂದುವು ದಶಮಾಂಶದ ಬಿಂದುವಲ್ಲ

ಗಣಿತದ ತರಗತಿಯಲ್ಲಿ ೧೦.೯ ದೊಡ್ಡದೋ ೧೦.೧೦ ದೊಡ್ಡದೋ ಎಂದು ಕೇಳಿದರೆ ೧೦.೯ ದೊಡ್ಡದು ಎಂಬುದೇ ಸರಿಯಾದ ಉತ್ತರ. ಏಕೆಂದರೆ ದಶಮಾಂಶ ಪದ್ಧತಿಯಲ್ಲಿ ೧೦.೧೦ ಎಂದರೆ ೧೦.೧ ಎಂದೇ ಅರ್ಥ. ಆವೃತ್ತಿಸಂಖ್ಯೆಯಲ್ಲಿ ಹಾಗಲ್ಲ. ಅಲ್ಲಿ ಬಿಂದುವು ಎರಡು ಬೇರೆ ಬೇರೆ ಪೂರ್ಣಾಂಕಗಳನ್ನು ಬೇರ್ಪಡಿಸುವ ಗೆರೆ ಮಾತ್ರ. ೧೦.೯ ಎಂದರೆ ಹತ್ತನೆಯದರ ಒಂಬತ್ತನೆಯದು, ೧೦.೧೦ ಎಂದರೆ ಹತ್ತನೆಯದರ ಹತ್ತನೆಯದು. ಆದ್ದರಿಂದ ೧೦.೧೦ ಎಂಬುದೇ ಮುಂದಿನದು.

ಇದು ಹೊಸ ಸಂಗತಿಯೇನಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಎಂಟು ಅಧ್ಯಾಯಗಳು, ಪ್ರತಿ ಅಧ್ಯಾಯಕ್ಕೆ ನಾಲ್ಕು ಪಾದಗಳು. ಮೊದಲನೆಯ ಅಧ್ಯಾಯದ ಮೊದಲನೆಯ ಪಾದದ ಒಂಬತ್ತನೆಯ ಸೂತ್ರವನ್ನು ೧.೧.೯ ಎಂದೂ ಅದರ ಮುಂದಿನದನ್ನು ೧.೧.೧೦ ಎಂದೂ ಗುರುತಿಸುತ್ತೇವೆ. ಹತ್ತನೆಯ ಸೂತ್ರವು ಒಂಬತ್ತನೆಯದಕ್ಕಿಂತ ಹಿಂದಿನದೆಂದು ಯಾವ ವಿದ್ಯಾರ್ಥಿಯೂ ಭ್ರಮಿಸುವುದಿಲ್ಲ. ಹೊಲದ ಸರ್ವೆ ನಂಬರು ೪೫/೧೦ ಎಂದಿದ್ದರೆ ನಮ್ಮ ರೈತರು ನಲವತ್ತೈದನ್ನು ಹತ್ತರಿಂದ ಭಾಗಿಸುವುದಿಲ್ಲ. ನಲವತ್ತೈದನೆಯ ನಂಬರಿನ ಹತ್ತನೆಯ ಹಿಸ್ಸಾ ಎಂದು ಸರಿಯಾಗಿಯೇ ತಿಳಿಯುತ್ತಾರೆ. ಆವೃತ್ತಿಸಂಖ್ಯೆಯನ್ನು ಓದುವ ಕ್ರಮವೂ ಇದೇ.

ಆ್ಯಪಲ್ ಸಂಸ್ಥೆಯ ಗಣಕಗಳ ಕಾರ್ಯಾಚರಣ ವ್ಯವಸ್ಥೆ ಇದಕ್ಕೆ ಉತ್ತಮ ಉದಾಹರಣೆ. ೨೦೦೧ರ ಮಾರ್ಚಿನಲ್ಲಿ ೧೦.೦ ಎಂಬ ಸಂಖ್ಯೆಯಿಂದ ಅದರ ಹೊಸ ಪರಂಪರೆ ಮೊದಲಾಯಿತು. ಹೆಸರಿನಲ್ಲಿದ್ದ ‘ಎಕ್ಸ್’ ಎಂಬ ಅಕ್ಷರವು ವಾಸ್ತವವಾಗಿ ರೋಮನ್ ಲಿಪಿಯ ಹತ್ತು; ಅದನ್ನು ‘ಟೆನ್’ ಎಂದು ಓದಬೇಕಾಗಿತ್ತು. ೨೦೧೩ರಲ್ಲಿ ೧೦.೯ ಬಂದಿತು, ೨೦೧೪ರಲ್ಲಿ ೧೦.೧೦ ಬಂದಿತು, ೨೦೧೯ರಲ್ಲಿ ೧೦.೧೫ ಬಂದಿತು. ೨೦೨೦ರ ನವೆಂಬರಿನಲ್ಲಿ ಮಾತ್ರ ಮೊದಲ ಸ್ಥಾನದ ಅಂಕೆ ೧೧ಕ್ಕೆ ಏರಿತು. ಹತ್ತೊಂಬತ್ತು ವರ್ಷಗಳ ಕಾಲ ಮೊದಲ ಅಂಕೆ ಅಲುಗಾಡದೆ ನಿಂತು, ದೊಡ್ಡ ಬದಲಾವಣೆಗಳೆಲ್ಲ ಎರಡನೆಯ ಅಂಕೆಯಲ್ಲಿಯೇ ನಡೆದುವೆಂಬುದು ಗಮನಾರ್ಹ.

ಮನುಷ್ಯರಷ್ಟೇ ಅಲ್ಲ, ಮನುಷ್ಯರು ಬರೆದ ತಂತ್ರಾಂಶಗಳೂ ಇಲ್ಲಿ ಎಡವುವುದುಂಟು. ಸಂಖ್ಯೆಯನ್ನು ಅಕ್ಷರಗಳ ಸಾಲೆಂದು ಭಾವಿಸಿ, ನಿಘಂಟಿನ ಪದಗಳನ್ನು ಅಕಾರಾದಿಯಾಗಿ ಜೋಡಿಸುವಂತೆ ಒಂದೊಂದೇ ಚಿಹ್ನೆಯನ್ನು ಹೋಲಿಸುತ್ತ ಹೋದರೆ ಏನಾಗುವುದೆಂದು ನೋಡೋಣ. ೧೦.೧೦ ಮತ್ತು ೧೦.೯ ಇವೆರಡರಲ್ಲಿ ಮೊದಲ ಮೂರು ಚಿಹ್ನೆಗಳು ಸಮಾನ. ನಾಲ್ಕನೆಯ ಸ್ಥಾನದಲ್ಲಿ ಒಂದರಲ್ಲಿ ೧, ಇನ್ನೊಂದರಲ್ಲಿ ೯. ಒಂದು ಒಂಬತ್ತಕ್ಕಿಂತ ಮೊದಲು ಬರುವುದರಿಂದ ೧೦.೧೦ ಹಳೆಯದೆಂಬ ತೀರ್ಮಾನ ಹೊರಡುತ್ತದೆ. ಹೀಗೆ ಬರೆದ ತಂತ್ರಾಂಶವು ಹೊಸ ವ್ಯವಸ್ಥೆಯನ್ನು ಹಳೆಯದೆಂದು ಬಗೆದು ‘ನಿಮ್ಮ ಗಣಕ ತೀರ ಹಳೆಯದು’ ಎಂದು ಹಿಂದಕ್ಕೆ ಕಳುಹಿಸುತ್ತದೆ.

೩. ಸ್ಥಾನಗಳ ಅರ್ಥ ಸಂಕೇತಾಧೀನ

ಸಾಮಾನ್ಯ ರೂಢಿಯಲ್ಲಿ ಮೊದಲ ಸ್ಥಾನವು ಮಹತ್ತರ ಬದಲಾವಣೆಯನ್ನೂ, ಎರಡನೆಯದು ಅಲ್ಪ ಬದಲಾವಣೆಯನ್ನೂ, ಮೂರನೆಯದು ದೋಷಪರಿಹಾರವನ್ನೂ ಸೂಚಿಸುತ್ತವೆ. ಇವುಗಳ ಹಿಂದೆ ‘ಬಿಲ್ಡ್’ ಎಂಬ ದೊಡ್ಡ ಸಂಖ್ಯೆಯೊಂದು ಇರುವುದುಂಟು. ತಯಾರಕರು ತಂತ್ರಾಂಶವನ್ನು ಕಟ್ಟಿದ ಕ್ರಮವನ್ನು ಅದು ತಿಳಿಸುತ್ತದೆ. ಆದರೆ ಇದು ರೂಢಿಯೇ ಹೊರತು ನಿಯಮವಲ್ಲ. ‘ಈ ಪದದಿಂದ ಈ ಅರ್ಥವನ್ನು ತಿಳಿಯತಕ್ಕದ್ದು’ ಎಂಬ ಸಂಕೇತದಿಂದ ಪದಕ್ಕೆ ಅರ್ಥ ಬರುವುದೆಂದು ನಮ್ಮ ನೈಯಾಯಿಕರು ಹೇಳುತ್ತಾರೆ. ಆವೃತ್ತಿಸಂಖ್ಯೆಯ ಸಂಕೇತವನ್ನು ಮಾಡುವವರು ತಯಾರಕರು. ಅದನ್ನು ಬದಲಾಯಿಸುವವರೂ ಅವರೇ.

ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ ಎಂಬ ಭಾಗದ ಇತಿಹಾಸ ಇದಕ್ಕೆ ಸಾಕ್ಷಿ. ಇದರ ೧.೦ ಆವೃತ್ತಿ ೧೯೯೪ರ ಮಾರ್ಚಿನಲ್ಲಿ ಹೊರಬಂದಿತು. ಆ ಬಳಿಕ ಬಹುಕಾಲ ಒಂದು ಸಂಕೇತವಿತ್ತು. ಎರಡನೆಯ ಸ್ಥಾನದಲ್ಲಿ ಸಮಸಂಖ್ಯೆಯಿದ್ದರೆ ಜನಬಳಕೆಗೆ ಯೋಗ್ಯವಾದ ಸ್ಥಿರ ಆವೃತ್ತಿ; ಬೆಸಸಂಖ್ಯೆಯಿದ್ದರೆ ಪ್ರಯೋಗಾವಸ್ಥೆಯಲ್ಲಿರುವ ಆವೃತ್ತಿ. ಆದಕಾರಣ ೨.೫ ಎಂಬುದು ೨.೪ಕ್ಕಿಂತ ಮುಂದಿನದಾದರೂ ಸಾಮಾನ್ಯ ಬಳಕೆಗೆ ೨.೪ನ್ನೇ ಆರಿಸಿಕೊಳ್ಳಬೇಕಾಗಿತ್ತು. ಸಂಕೇತವನ್ನು ಅರಿಯದವನು ‘ದೊಡ್ಡ ಸಂಖ್ಯೆಯೇ ಲೇಸು’ ಎಂದು ೨.೫ನ್ನು ಹಿಡಿದರೆ ತೊಂದರೆ ತಪ್ಪದು.

೨೦೦೩ರ ಡಿಸೆಂಬರಿನಲ್ಲಿ ೨.೬ ಹೊರಬಂದ ಮೇಲೆ ಈ ಸಮ-ಬೆಸ ಪದ್ಧತಿಯನ್ನು ಕೈಬಿಡಲಾಯಿತು. ಬದಲಾವಣೆಗಳೆಲ್ಲ ಮೂರನೆಯ ಸ್ಥಾನದಲ್ಲಿಯೇ ಬೆಳೆಯುತ್ತ ೨೦೧೧ರ ಮೇ ತಿಂಗಳಿಗೆ ೨.೬.೩೯ ಆಯಿತು. ಅದೇ ವರ್ಷದ ಜುಲೈಯಲ್ಲಿ ಇದರ ಕರ್ತೃವಾದ ಲೈನಸ್ ಟೋರ್ವಾಲ್ಡ್ಸ್ ಅವರು ಮುಂದಿನದಕ್ಕೆ ೩.೦ ಎಂಬ ಸಂಖ್ಯೆಯನ್ನು ಕೊಟ್ಟರು. ಒಳಗೆ ಯಾವ ಕ್ರಾಂತಿಕಾರಕ ಬದಲಾವಣೆಯೂ ಆಗಿಲ್ಲವೆಂದು ಅವರೇ ಸ್ಪಷ್ಟಪಡಿಸಿದರು. ಅಂಕೆಗಳು ಬೆಳೆದು ತೊಡಕಾದುದೇ ಕಾರಣ. ಆಮೇಲೆ ೩.೧೯ರ ಬಳಿಕ ೪.೦ (೨೦೧೫), ೪.೨೦ರ ಬಳಿಕ ೫.೦ (೨೦೧೯), ೫.೧೯ರ ಬಳಿಕ ೬.೦ (೨೦೨೨) ಬಂದುವು. ಮೊದಲ ಸ್ಥಾನದ ಅಂಕೆ ಏರಿತೆಂದಾಕ್ಷಣ ಒಳಗೆ ಎಲ್ಲವೂ ಬದಲಾಯಿತೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೪. ಹೊರಗಿನ ಹೆಸರು, ಒಳಗಿನ ಸಂಖ್ಯೆ

ಇದುವರೆಗೆ ನೋಡಿದ್ದು ಸಂಖ್ಯೇಯವಾಚಕಗಳು. ಇನ್ನು ಅಂಕಿತನಾಮಗಳನ್ನು ನೋಡೋಣ. ವಿಂಡೋಸ್ ಕುಲದಲ್ಲಿ ಪೇಟೆಯಲ್ಲಿ ಮಾರುವ ಹೆಸರು ಬೇರೆ, ಯಂತ್ರದ ಒಳಗೆ ಬರೆದಿರುವ ಸಂಖ್ಯೆ ಬೇರೆ. ೧೯೮೫ರಲ್ಲಿ ೧.೦ ಎಂದು ಆರಂಭವಾದ ಈ ಕುಲ ೩.೧ರವರೆಗೆ (೧೯೯೨) ನೇರವಾಗಿ ನಡೆಯಿತು. ೧೯೯೩ರಲ್ಲಿ ‘ಎನ್‌ಟಿ’ ಎಂಬ ಎರಡನೆಯ ಶಾಖೆ ಹುಟ್ಟಿತು. ಅದು ಚೊಚ್ಚಲ ಕೂಸಾಗಿದ್ದರೂ ಅದಕ್ಕೆ ೧.೦ ಎಂದು ಹೆಸರಿಡದೆ, ಹಳೆಯ ಶಾಖೆಗೆ ಸರಿದೊರೆಯಾಗಿ ೩.೧ ಎಂದೇ ಹೆಸರಿಟ್ಟರು. ೧೯೯೫ರಲ್ಲಿ ಬಂದ ವಿಂಡೋಸ್ ೯೫ರ ಒಳಗಿನ ಸಂಖ್ಯೆ ೪.೦, ೧೯೯೬ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಸಂಖ್ಯೆಯೂ ೪.೦. ಸಂಖ್ಯೆ ಒಂದೇ ಆದರೂ ಇವು ಬೇರೆ ಬೇರೆ ಶಾಖೆಗಳಿಗೆ ಸೇರಿದವು. ಇಂದು ಬಳಕೆಯಲ್ಲಿರುವುದು ಎನ್‌ಟಿ ಶಾಖೆಯ ಸಂತತಿಯೇ. ಅದರ ವಂಶಾವಳಿಯಲ್ಲಿ ಹೊರಗಿನ ಹೆಸರು ಮತ್ತು ಒಳಗಿನ ಸಂಖ್ಯೆ ಹೀಗಿವೆ:

ವಿಂಡೋಸ್ ೨೦೦೦ (ಬಿಡುಗಡೆ ೨೦೦೦) — ೫.೦
ವಿಂಡೋಸ್ ಎಕ್ಸ್‌ಪಿ (೨೦೦೧) — ೫.೧
ವಿಂಡೋಸ್ ವಿಸ್ತಾ (೨೦೦೭) — ೬.೦
ವಿಂಡೋಸ್ ೭ (೨೦೦೯) — ೬.೧
ವಿಂಡೋಸ್ ೮ (೨೦೧೨) — ೬.೨
ವಿಂಡೋಸ್ ೮.೧ (೨೦೧೩) — ೬.೩
ವಿಂಡೋಸ್ ೧೦ (೨೦೧೫) — ೧೦.೦
ವಿಂಡೋಸ್ ೧೧ (೨೦೨೧) — ೧೦.೦

ಏಳು ಎಂಬ ಹೆಸರಿನ ಒಳಗೆ ಆರು ಪಾಯಿಂಟ್ ಒಂದು ಏಕೆ ಇರಬೇಕು? ಇದಕ್ಕೆ ತಯಾರಕರು ಕೊಟ್ಟ ಸಮಾಧಾನ ಮನನಯೋಗ್ಯ. ಅನೇಕ ತಂತ್ರಾಂಶಗಳು ಕೆಲಸ ಆರಂಭಿಸುವ ಮೊದಲು ಮೊದಲ ಸ್ಥಾನದ ಅಂಕೆಯನ್ನು ಪರೀಕ್ಷಿಸುತ್ತವೆ. ಅದು ಬದಲಾದರೆ ಅಪರಿಚಿತ ವ್ಯವಸ್ಥೆಯೆಂದು ಬಗೆದು ನಿಂತುಬಿಡುತ್ತವೆ. ಅವುಗಳಿಗೆ ತೊಂದರೆಯಾಗದಿರಲೆಂದು ಮೊದಲ ಅಂಕೆಯನ್ನು ಆರರಲ್ಲಿಯೇ ಉಳಿಸಿದರು.

ಅಂಕೆಯನ್ನು ತಪ್ಪಾಗಿ ಹೋಲಿಸಿದರೆ ಆಗುವ ಅನಾಹುತಕ್ಕೆ ಇನ್ನೊಂದು ನಿದರ್ಶನವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಒಂದು ತಂತ್ರಾಂಶಕ್ಕೆ ಎಕ್ಸ್‌ಪಿ, ಅಂದರೆ ೫.೧, ಅಥವಾ ಅದಕ್ಕಿಂತ ಹೊಸದು ಬೇಕೆಂದಿರಲಿ. ಅದನ್ನು ಬರೆದವನು ‘ಮೊದಲ ಅಂಕೆ ೫ ಅಥವಾ ಹೆಚ್ಚು ಇರಬೇಕು, ಎರಡನೆಯ ಅಂಕೆ ೧ ಅಥವಾ ಹೆಚ್ಚು ಇರಬೇಕು’ ಎಂದು ಎರಡು ನಿಬಂಧನೆ ಹಾಕುತ್ತಾನೆ. ಮೇಲುನೋಟಕ್ಕೆ ಇದು ನಿರ್ದುಷ್ಟ. ಆದರೆ ವಿಸ್ತಾ ಬಂದಾಗ ಅದರ ಸಂಖ್ಯೆ ೬.೦. ಮೊದಲ ನಿಬಂಧನೆ ನೆರವೇರಿತು; ಎರಡನೆಯ ಅಂಕೆ ಸೊನ್ನೆಯಾದ್ದರಿಂದ ಎರಡನೆಯ ನಿಬಂಧನೆ ಮುರಿಯಿತು. ಹೊಸದು ಹಳೆಯದೆಂದು ತಿರಸ್ಕೃತವಾಯಿತು. ಸರಿಯಾದ ಕ್ರಮವೆಂದರೆ, ಮೊದಲು ಮೊದಲ ಸ್ಥಾನವನ್ನು ಹೋಲಿಸಬೇಕು. ಅಲ್ಲಿ ಎರಡೂ ಸಮಾನವಾಗಿದ್ದರೆ ಮಾತ್ರ ಎರಡನೆಯ ಸ್ಥಾನಕ್ಕೆ ಹೋಗಬೇಕು. ಆರನೆಯ ಅಧ್ಯಾಯದ ಮೊದಲ ಪುಟವು ಐದನೆಯ ಅಧ್ಯಾಯದ ಕೊನೆಯ ಪುಟಕ್ಕಿಂತ ಮುಂದಿದೆಯೆಂದು ತಿಳಿಯಲು ಪುಟಗಳನ್ನು ಹೋಲಿಸಬೇಕಾಗಿಲ್ಲವಷ್ಟೆ!

೫. ಯಂತ್ರವೇ ಹಳೆಯ ಹೆಸರನ್ನು ಹೇಳುವುದು

ಹೀಗೆ ಅವಿಚಾರದಿಂದ ಬರೆದ ತಂತ್ರಾಂಶಗಳು ಲೋಕದಲ್ಲಿ ಬಹಳವಾಗಿ ಹರಡಿರುವುದರಿಂದ, ಅವುಗಳನ್ನು ನಡೆಸಿಕೊಂಡು ಹೋಗಲು ಕಾರ್ಯಾಚರಣ ವ್ಯವಸ್ಥೆಗಳೇ ತಮ್ಮ ಸಂಖ್ಯೆಯನ್ನು ಮರೆಮಾಚುವ ಪರಿಸ್ಥಿತಿ ಒದಗಿತು. ವಿಂಡೋಸ್ ೮.೧ರ ನಿಜಸಂಖ್ಯೆ ೬.೩. ಆದರೆ ‘ನಾನು ೮.೧ನ್ನು ಬಲ್ಲೆ’ ಎಂದು ಮುಂಚಿತವಾಗಿ ಘೋಷಿಸಿಕೊಳ್ಳದ ತಂತ್ರಾಂಶವು ಕೇಳಿದರೆ ಅದು ೬.೨ ಎಂದೇ ಉತ್ತರ ಕೊಡುತ್ತದೆ. ಮ್ಯಾಕ್ ಓಎಸ್ ೧೧ ಎಂಬುದು ಹಳೆಯ ತಂತ್ರಾಂಶಗಳೆದುರಿಗೆ ತಾನು ೧೦.೧೬ ಎಂದು ಹೇಳಿಕೊಳ್ಳುತ್ತದೆ. ಲಿನಕ್ಸಿನಲ್ಲಿಯೂ ೩.೦ ಬಂದಾಗ, ೨.೬ರಿಂದಲೇ ಸಂಖ್ಯೆ ಆರಂಭವಾಗಬೇಕೆಂದು ನಂಬಿದ್ದ ತಂತ್ರಾಂಶಗಳಿಗಾಗಿ ೨.೬.೪೦ ಮುಂತಾದ ಸಂಖ್ಯೆಗಳನ್ನು ತೋರಿಸುವ ಏರ್ಪಾಡನ್ನು ಮಾಡಿದರು. ಇದು ವಂಚನೆಯಲ್ಲ, ನಿರ್ವಾಹವಿಲ್ಲದೆ ಮಾಡಿಕೊಂಡ ಹೊಂದಾಣಿಕೆ. ಆದರೂ ಇದರ ಫಲವಾಗಿ ಒಂದೇ ಯಂತ್ರವು ಎರಡು ಕಡೆ ಎರಡು ಸಂಖ್ಯೆಗಳನ್ನು ತೋರಿಸಬಹುದೆಂಬುದನ್ನು ನಾವು ತಿಳಿದಿರಬೇಕು.

ವಿಂಡೋಸ್ ೧೧ರ ವಿಷಯ ಇನ್ನೂ ಸೂಕ್ಷ್ಮ. ಅದರ ಒಳಗಿನ ಸಂಖ್ಯೆಯ ಮೊದಲ ಎರಡು ಸ್ಥಾನಗಳು ೧೦.೦ ಎಂದೇ ಇವೆ. ಹತ್ತು ಮತ್ತು ಹನ್ನೊಂದನ್ನು ಬೇರ್ಪಡಿಸುವುದು ಅವುಗಳ ಹಿಂದಿರುವ ಬಿಲ್ಡ್ ಸಂಖ್ಯೆ. ಅದು ೨೨೦೦೦ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಹನ್ನೊಂದು. ವಿಂಡೋಸ್ ೧೦ರ ಕೊನೆಯ ಆವೃತ್ತಿಯ ಬಿಲ್ಡ್ ೧೯೦೪೫. ಆದ್ದರಿಂದ ೧೦.೦.೧೯೦೪೫ ಎಂದಿದ್ದರೆ ಹತ್ತು, ೧೦.೦.೨೨೬೩೧ ಎಂದಿದ್ದರೆ ಹನ್ನೊಂದು. ಮೊದಲ ಅಂಕೆಯನ್ನು ಮಾತ್ರ ನೋಡಿ ‘ನನ್ನದು ಹತ್ತು’ ಎಂದು ತೀರ್ಮಾನಿಸುವವನು ತಪ್ಪುತ್ತಾನೆ.

೬. ಕಾಲವನ್ನು ಸೂಚಿಸುವ ಅನ್ವರ್ಥನಾಮಗಳು

ಮೂರನೆಯ ಬಗೆಯ ಸಂಖ್ಯೆಗಳು ಬಿಡುಗಡೆಯ ಕಾಲವನ್ನೇ ಹೆಸರಾಗಿ ಉಳ್ಳವು. ಲಿನಕ್ಸ್ ಆಧಾರಿತವಾದ ಉಬುಂಟು ಎಂಬ ವ್ಯವಸ್ಥೆಯ ಮೊದಲ ಆವೃತ್ತಿಯ ಸಂಖ್ಯೆ ೪.೧೦. ಇದು ನಾಲ್ಕನೆಯದೂ ಅಲ್ಲ, ಹತ್ತನೆಯದೂ ಅಲ್ಲ. ೨೦೦೪ನೆಯ ಇಸವಿಯ ಹತ್ತನೆಯ ತಿಂಗಳು ಎಂದು ಅರ್ಥ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರುಗಳಲ್ಲಿ, ಹೊಸ ಆವೃತ್ತಿಯನ್ನು ತರುವುದು ಅವರ ಪದ್ಧತಿ. ೨೦೦೬ರ ಏಪ್ರಿಲಿನಲ್ಲಿ ಬರಬೇಕಾಗಿದ್ದುದು ಜೂನ್ ತಿಂಗಳಿಗೆ ಮುಂದೆ ಹೋಯಿತು. ಆಗ ಅದರ ಸಂಖ್ಯೆಯೂ ೬.೦೪ ಆಗದೆ ೬.೦೬ ಆಯಿತು. ಹೆಸರು ಅರ್ಥವನ್ನು ಬಿಡಲಿಲ್ಲ. ನಿಜವಾದ ಅನ್ವರ್ಥನಾಮದ ಲಕ್ಷಣವಿದು.

ಇಲ್ಲಿ ಒಂದು ಸ್ವಾರಸ್ಯವಿದೆ. ಉಬುಂಟುವಿನ ೧೦.೧೦ ಎಂದರೆ ೨೦೧೦ರ ಅಕ್ಟೋಬರ್. ಮ್ಯಾಕಿನ ೧೦.೧೦ ಎಂದರೆ ಹತ್ತನೆಯ ಪರಂಪರೆಯ ಹತ್ತನೆಯದು. ಅದು ಬಂದದ್ದು ೨೦೧೪ರಲ್ಲಿ. ಗಣಿತದ ೧೦.೧೦ ಎಂದರೆ ಹತ್ತೂ ಹತ್ತನೆಯ ಒಂದು ಭಾಗ. ಅಂಕೆಗಳು ಅವೇ, ಬಿಂದು ಅದೇ. ಅರ್ಥ ಮಾತ್ರ ಮೂರು. ಒಂದೇ ಪದಕ್ಕೆ ನಾನಾರ್ಥಗಳಿದ್ದಾಗ ಪ್ರಕರಣವನ್ನು ನೋಡಿ ಅರ್ಥವನ್ನು ನಿಶ್ಚಯಿಸಬೇಕೆಂದು ಶಾಸ್ತ್ರಕಾರರು ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ವಿಂಡೋಸ್ ೧೦ರಲ್ಲಿಯೂ ಹತ್ತು ಎಂಬ ಒಂದೇ ಹೆಸರಿನ ಅಡಿಯಲ್ಲಿ ಆವೃತ್ತಿಗಳನ್ನು ವರ್ಷ ಮತ್ತು ತಿಂಗಳಿನಿಂದ ಗುರುತಿಸಿದರು. ೨೦೧೫ರ ಜುಲೈಯದು ೧೫೦೭, ಆ ವರ್ಷದ ನವೆಂಬರಿನದು ೧೫೧೧. ಆದರೆ ಈ ಅನ್ವರ್ಥತೆ ಪೂರ್ಣವಾಗಿ ಉಳಿಯಲಿಲ್ಲ. ೧೮೦೯ ಎಂಬುದು ಜನರಿಗೆ ದೊರೆತದ್ದು ೨೦೧೮ರ ಸೆಪ್ಟೆಂಬರಿನಲ್ಲಲ್ಲ, ಅಕ್ಟೋಬರಿನಲ್ಲಿ. ೨೦೨೦ರ ಏಪ್ರಿಲಿನ ಹೆಸರು ಹೊತ್ತ ೨೦೦೪ ಎಂಬುದು ಬಿಡುಗಡೆಯಾದದ್ದು ಮೇ ತಿಂಗಳಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ‘ಆವೃತ್ತಿ ೨೦೦೪’ ಎಂದು ಓದಿದವನಿಗೆ ಅದು ೨೦೦೪ನೆಯ ಇಸವಿಯದೆಂಬ ಭ್ರಾಂತಿ ಸಹಜ. ಅದರ ಮುಂದಿನದರಿಂದ ತಿಂಗಳನ್ನು ಬಿಟ್ಟು, ವರ್ಷದ ಪೂರ್ವಾರ್ಧ ಉತ್ತರಾರ್ಧಗಳನ್ನು ಸೂಚಿಸುವ ‘೨೦ಎಚ್೨’ ಎಂಬ ಕ್ರಮವನ್ನು ಹಿಡಿದರು. ೨೦೨೦ರ ಎರಡನೆಯ ಅರ್ಧ ಎಂದು ಇದರ ತಾತ್ಪರ್ಯ.

ಆ್ಯಪಲ್ ಸಂಸ್ಥೆಯೂ ೨೦೨೫ರ ಸೆಪ್ಟೆಂಬರಿನಲ್ಲಿ ಈ ದಾರಿಗೆ ಬಂದಿತು. ಅದುವರೆಗೆ ಅದರ ಫೋನಿನ ವ್ಯವಸ್ಥೆ ೧೮, ಗಣಕದ ವ್ಯವಸ್ಥೆ ೧೫, ಕೈಗಡಿಯಾರದ ವ್ಯವಸ್ಥೆ ೧೧ ಎಂದು ಬೇರೆ ಬೇರೆ ಸಂಖ್ಯೆಗಳಿದ್ದುವು. ಅವನ್ನೆಲ್ಲ ಬಿಟ್ಟು ಎಲ್ಲಕ್ಕೂ ಒಮ್ಮೆಗೇ ೨೬ ಎಂದು ಹೆಸರಿಟ್ಟರು. ಬಿಡುಗಡೆಯಾದ ವರ್ಷ ೨೦೨೫. ಸಂಖ್ಯೆ ಮಾತ್ರ ಮುಂಬರುವ ವರ್ಷದ್ದು. ಹದಿನೆಂಟರಿಂದ ಇಪ್ಪತ್ತಾರಕ್ಕೆ ನೆಗೆದುದನ್ನು ಕಂಡು ನಡುವಿನ ಏಳು ಆವೃತ್ತಿಗಳು ತಮಗೆ ತಪ್ಪಿಹೋದುವೆಂದು ಯಾರೂ ಕಳವಳಪಡಬೇಕಾಗಿಲ್ಲ. ಅವು ಹುಟ್ಟಲೇ ಇಲ್ಲ. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಕೆಲವೆಡೆ ಗತವರ್ಷವಾಗಿಯೂ ಕೆಲವೆಡೆ ವರ್ತಮಾನವರ್ಷವಾಗಿಯೂ ಎಣಿಸಿರುವುದರಿಂದ ಒಂದು ವರ್ಷದ ಅಂತರ ಬೀಳುವುದನ್ನು ಇತಿಹಾಸದ ಅಭ್ಯಾಸಿಗಳು ಬಲ್ಲರು. ಇದೂ ಅದೇ ಬಗೆಯ ಅಂತರ.

೭. ಮೊಬೈಲ್ ಫೋನಿನಲ್ಲಿ ಮೂರು ಸಂಖ್ಯೆಗಳು

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಆಂಡ್ರಾಯ್ಡ್ ಫೋನುಗಳಲ್ಲಿ ಗೊಂದಲ ಇಮ್ಮಡಿಯಾಗಿದೆ. ೨೦೦೯ರಲ್ಲಿ ಬಂದ ೧.೫ ಆವೃತ್ತಿಯಿಂದ ೨೦೧೮ರ ೯ನೆಯ ಆವೃತ್ತಿಯವರೆಗೆ ಸಂಖ್ಯೆಯ ಜೊತೆಗೆ ಕಪ್‌ಕೇಕ್, ಡೋನಟ್, ಪೈ ಮುಂತಾದ ಸಿಹಿತಿನಿಸುಗಳ ಹೆಸರುಗಳನ್ನು ಇಡುತ್ತಿದ್ದರು. ೨೦೧೯ರ ಆಂಡ್ರಾಯ್ಡ್ ೧೦ರಿಂದ ಜನಬಳಕೆಯಲ್ಲಿ ಸಂಖ್ಯೆಯೊಂದನ್ನೇ ಉಳಿಸಿದರು. ಆದರೆ ತಂತ್ರಾಂಶ ಬರೆಯುವವರ ಬಳಕೆಗಾಗಿ ‘ಎಪಿಐ ಮಟ್ಟ’ ಎಂಬ ಬೇರೊಂದು ಸಂಖ್ಯೆಯಿದೆ. ಆಂಡ್ರಾಯ್ಡ್ ೧೦ರ ಮಟ್ಟ ೨೯, ೧೨ರದು ೩೧, ನಡುವೆ ೧೨ಎಲ್ ಎಂಬುದಕ್ಕೆ ೩೨ ಸಂದುದರಿಂದ ೧೩ರದು ೩೩. ಹತ್ತೊಂಬತ್ತನ್ನು ಕೂಡಿಸಿದರೆ ಸಾಕು ಎಂಬ ಲೆಕ್ಕ ಹದಿಮೂರರಲ್ಲಿ ತಪ್ಪುತ್ತದೆ.

ಇವೆರಡಲ್ಲದೆ ಫೋನು ತಯಾರಿಸುವ ಸಂಸ್ಥೆಯ ಸ್ವಂತ ಸಂಖ್ಯೆ ಮೂರನೆಯದು. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಒನ್ ಯುಐ’ ಎಂಬ ಹೊದಿಕೆಯ ಆರನೆಯದು ಆಂಡ್ರಾಯ್ಡ್ ೧೪ರ ಮೇಲೂ ಏಳನೆಯದು ಆಂಡ್ರಾಯ್ಡ್ ೧೫ರ ಮೇಲೂ ನಿಂತಿವೆ. ‘ಆಂಡ್ರಾಯ್ಡ್ ೧೦ ಬೇಕು’ ಎಂದು ತಂತ್ರಾಂಶವೊಂದು ಕೇಳಿದಾಗ, ತನ್ನ ಫೋನಿನಲ್ಲಿ ಏಳು ಎಂಬ ಅಂಕೆಯನ್ನು ಕಂಡು ‘ನನ್ನದು ಸಾಲದು’ ಎಂದು ಹೊಸ ಫೋನಿಗೆ ಹಣ ತೆರುವವನು, ಪರರ ಮನೆಯ ಸಂಖ್ಯೆಯನ್ನು ತನ್ನ ಮನೆಯದೆಂದು ತಿಳಿದವನಂತೆ ನಷ್ಟಕ್ಕೊಳಗಾಗುತ್ತಾನೆ.

೮. ವಿವೇಚನೆಯ ಕ್ರಮ

ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಪ್ರಯೋಜನವೇನು ಎಂದು ಕೇಳಬಹುದು. ಹಣದ ಪಾವತಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಹಣಿ ಎಲ್ಲವೂ ಇಂದು ಈ ಯಂತ್ರಗಳ ಮೂಲಕವೇ ನಡೆಯುತ್ತಿವೆ. ತಯಾರಕರು ತಿದ್ದುಪಡಿ ನಿಲ್ಲಿಸಿದ ವ್ಯವಸ್ಥೆಯಲ್ಲಿ ಹಣದ ವ್ಯವಹಾರ ಮಾಡುವುದು ಬೀಗ ಕೆಟ್ಟ ಪೆಟ್ಟಿಗೆಯಲ್ಲಿ ಒಡವೆ ಇಟ್ಟಂತೆ. ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದು, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲ ಮುಗಿಯಿತು. ಹತ್ತಕ್ಕೆ ವಿಶೇಷ ಯೋಜನೆಯಡಿ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ರಕ್ಷಣಾ ತಿದ್ದುಪಡಿಗಳನ್ನು ನಿಯತಕಾಲದವರೆಗೆ ಮುಂದುವರಿಸುವ ಏರ್ಪಾಡಾಯಿತು. ಹೀಗಿರಲು, ತನ್ನದು ಹತ್ತೋ ಹನ್ನೊಂದೋ ಎಂದು ಸರಿಯಾಗಿ ಓದಲಾರದವನಿಗೆ ತಾನು ಸುರಕ್ಷಿತನೋ ಅಲ್ಲವೋ ಎಂಬುದೂ ತಿಳಿಯದು.

ಆದಕಾರಣ ಯಾವುದೇ ಆವೃತ್ತಿಸಂಖ್ಯೆಯನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಇದು ಯಾವುದರ ಸಂಖ್ಯೆ? ಕಾರ್ಯಾಚರಣ ವ್ಯವಸ್ಥೆಯದೋ, ಅದರ ಮೇಲಿನ ಹೊದಿಕೆಯದೋ, ಬಿಲ್ಡಿನದೋ?

ಎರಡನೆಯದು: ಇದು ಯಾವ ಬಗೆಯದು? ಸಾಲಿನ ಸ್ಥಾನವೋ, ಕಾಲಸೂಚಕವೋ, ಬರಿಯ ಅಂಕಿತವೋ?

ಮೂರನೆಯದು: ಹೋಲಿಸುವಾಗ ಎಡದಿಂದ ಒಂದೊಂದು ಸ್ಥಾನವನ್ನೂ ಪೂರ್ಣಾಂಕವೆಂದು ಭಾವಿಸಿ, ಒಂದೇ ಪರಂಪರೆಯೊಳಗೆ ಹೋಲಿಸುತ್ತಿದ್ದೇನೆಯೆ?

ನಾಲ್ಕನೆಯದು: ಈ ಆವೃತ್ತಿಗೆ ತಿದ್ದುಪಡಿಗಳು ಇನ್ನೂ ಬರುತ್ತಿವೆಯೆ?

ನೋಡುವ ಸ್ಥಳವೂ ಸುಲಭವಾಗಿಯೇ ಇದೆ. ವಿಂಡೋಸಿನಲ್ಲಿ ಹುಡುಕುವ ಜಾಗದಲ್ಲಿ ‘ವಿನ್‌ವರ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಒತ್ತಿದರೆ ಹೆಸರು, ಆವೃತ್ತಿ, ಬಿಲ್ಡ್ ಮೂರೂ ಕಾಣುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರವೆಂಬ ಭಾಗದಲ್ಲಿ ಆಂಡ್ರಾಯ್ಡ್ ಆವೃತ್ತಿಯೂ, ಕೊನೆಯ ರಕ್ಷಣಾ ತಿದ್ದುಪಡಿಯ ದಿನಾಂಕವೂ ಸಿಗುತ್ತವೆ. ಈ ದಿನಾಂಕ ತೀರ ಹಿಂದಿನದಾಗಿದ್ದರೆ ಆವೃತ್ತಿಯ ಅಂಕೆ ಎಷ್ಟೇ ದೊಡ್ಡದಾಗಿದ್ದರೂ ಎಚ್ಚರ ವಹಿಸತಕ್ಕದ್ದು.

ಸಂಖ್ಯೆಯೆಂಬುದು ನಿಖರತೆಗೆ ಹೆಸರಾದ ವಸ್ತು. ಆದುದರಿಂದಲೇ ಅಂಕೆಯನ್ನು ಕಂಡ ಕೂಡಲೆ ನಾವು ಪ್ರಶ್ನಿಸುವುದನ್ನು ಬಿಟ್ಟುಬಿಡುತ್ತೇವೆ. ಅಂಕೆಗೂ ಒಬ್ಬ ವಕ್ತಾರನಿದ್ದಾನೆ, ಅವನಿಗೊಂದು ವಿವಕ್ಷೆಯಿದೆ ಎಂಬುದನ್ನು ಮರೆಯಬಾರದು. ಪದವನ್ನು ಓದುವಾಗ ಅರ್ಥವನ್ನು ವಿಚಾರಿಸುವ ನಮ್ಮ ವಿದ್ಯಾರ್ಥಿಗಳು ಅಂಕೆಯನ್ನು ಓದುವಾಗಲೂ ಅದೇ ಶಿಸ್ತನ್ನು ಪಾಲಿಸಲಿ. ತಾವು ತಿಳಿದುದನ್ನು ಮನೆಯ ಹಿರಿಯರಿಗೂ ತಿಳಿಸಿ ಅವರ ಫೋನುಗಳನ್ನೊಮ್ಮೆ ಪರೀಕ್ಷಿಸಲಿ ಎಂದು ಹಾರೈಸುತ್ತೇನೆ.

ಅಭ್ಯಾಸ

೧. ೨.೬.೯ ಮತ್ತು ೨.೬.೩೯ ಇವುಗಳಲ್ಲಿ ಮುಂದಿನ ಆವೃತ್ತಿ ಯಾವುದು? ಇವನ್ನು ಅಕಾರಾದಿ ಕ್ರಮದಲ್ಲಿ ಹೋಲಿಸಿದರೆ ಬರುವ ಉತ್ತರವೇನು?
೨. ಗಣಕವೊಂದು ೧೦.೦.೨೬೧೦೦ ಎಂದು ತೋರಿಸುತ್ತದೆ. ಅದರ ಹೊರಗಿನ ಹೆಸರೇನು? ಹೇಗೆ ತಿಳಿದಿರಿ?
೩. ಉಬುಂಟು ೨೪.೦೪ ಎಂಬುದನ್ನು ಬಿಡಿಸಿ ಅರ್ಥ ಹೇಳಿರಿ.
೪. ವಿಂಡೋಸ್ ೭, ಮ್ಯಾಕ್ ೧೦.೯, ಉಬುಂಟು ೬.೦೬ ಇವುಗಳನ್ನು ಅಂಕಿತನಾಮ, ಅನ್ವರ್ಥನಾಮ, ಸಂಖ್ಯೇಯವಾಚಕಗಳೆಂದು ವಿಂಗಡಿಸಿ ಕಾರಣ ಕೊಡಿರಿ.
೫. ನಿಮ್ಮ ಮನೆಯ ಫೋನಿನ ಆವೃತ್ತಿಯನ್ನೂ ರಕ್ಷಣಾ ತಿದ್ದುಪಡಿಯ ದಿನಾಂಕವನ್ನೂ ನೋಡಿ ಬರೆಯಿರಿ.